ಓರೆ ಅಕ್ಷರದಲ್ಲಿ ಹುಟ್ಟಿದ ಪುಸ್ತಕ

ಪೆನ್ಸಿಲ್ಲಿನಲ್ಲಿ ಎಳೆದ ಬೆರಳುದ್ದದ ಗೆರೆಯೊಂದನ್ನು ಅಳಿಸುವುದಕ್ಕೆ ಮರೆತದ್ದರಿಂದ ಮೊಂಜಿಯ ಆ ಭಾನುವಾರ ಹಾಳಾಯಿತು. ಅದೂ ಎಂಥ ಭಾನುವಾರ! ವರ್ಷಗಟ್ಟಲೆ ಕಾದು ಕೂತಿದ್ದ ಭಾನುವಾರ. ಹೆಂಡತಿ ಜುಬೈದಾ ಅವನ ಕೆನೆಬಣ್ಣದ ಜುಬ್ಬಕ್ಕೆ ಇಸ್ತ್ರಿ ಹಾಕಿ ಬಾಗಿಲಿಗೆ ನೇತುಹಾಕಿದ್ದಳು, ಓಣಿಗೆಲ್ಲ ಕಾಣುವ ಹಾಗೆ.

ಮೊಂಜಿ ಟ್ಯೂನಿಸ್ಸಿನ ಫ್ರೆಂಚ್ ದಿನಪತ್ರಿಕೆಯೊಂದರಲ್ಲಿ ಕರಡು ತಿದ್ದುವವನು. ಸೀಸದ ಅಕ್ಷರಗಳ ಕಾಲ ಅದು. ಸೀಸದ ಪುಡಿ ಮೆತ್ತಿದ ಅವನ ಬೆರಳು ಯಾವ ಸಾಬೂನಿಗೂ ಬೆಳ್ಳಗಾಗುತ್ತಿರಲಿಲ್ಲ. ನಮ್ಮ ಹಲ್ಫಾವಿನ್ ಓಣಿಯವರು ಅವನನ್ನು ಗೌರವದಿಂದ ‘ಸೀ ಮೊಂಜಿ’ ಎಂದೇ ಕರೆಯುತ್ತಿದ್ದರು. ಈ ಗೌರವ ತನಗೆ ಸಲ್ಲಬೇಕಾದದ್ದೇ ಎಂಬಂತೆ ಅವನು ತಲೆಯಾಡಿಸುತ್ತಿದ್ದ. ಬಡಾಯಿ ಸ್ವಲ್ಪ ಜಾಸ್ತಿಯೇ ಇತ್ತು ಎಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಆದರೆ ಆ ಬಡಾಯಿಯ ಹಿಂದೆ ಕೆಲಸವಿತ್ತು.

ಅವನ ಹೆಮ್ಮೆಯೆಲ್ಲ ಓರೆ ಅಕ್ಷರದಲ್ಲಿತ್ತು. ಪತ್ರಿಕೆಯ ಭಾನುವಾರದ ಸಾಹಿತ್ಯ ಪುಟದಲ್ಲಿ ಯಾವುದು ಬಲಕ್ಕೆ ವಾಲಬೇಕು, ಯಾವುದು ನೆಟ್ಟಗೆ ನಿಲ್ಲಬೇಕು ಎಂಬುದು ಅವನ ಪೆನ್ಸಿಲ್ಲಿನ ತೀರ್ಮಾನ. ಕಾದಂಬರಿಯ ಹೆಸರು ಓರೆ. ಸಂಕಲನದೊಳಗಿನ ಒಂದು ಕತೆಯ ಹೆಸರು ನೆಟ್ಟಗೆ, ಆಚೀಚೆ ಉದ್ಧರಣ ಚಿಹ್ನೆ. ಪಾತ್ರಗಳ ಹೆಸರು ಎಷ್ಟೇ ದೊಡ್ಡ ವೀರನದಾದರೂ ನೆಟ್ಟಗೇ. ಇನ್ನು ಕಾದಂಬರಿಯೊಳಗಿನ ಪಾತ್ರವೊಂದು ತಾನೇ ಪುಸ್ತಕ ಬರೆದಿದ್ದರೆ? ಇಲ್ಲಿ ಮೊಂಜಿ ಬೆರಳೆತ್ತುತ್ತಿದ್ದ. “ಆ ಪುಸ್ತಕ ಹುಟ್ಟೇ ಇಲ್ಲ ಕಣಯ್ಯಾ. ಅದಕ್ಕೆ ಚಿಹ್ನೆ ಹಾಕು, ಓರೆ ಹಾಕಬೇಡ. ಓರೆ ಅಕ್ಷರ ಅಂದ್ರೆ ಅಂಗಡಿಗೆ ಹೋಗಿ ಕೇಳಬಹುದು ಅಂತ ಅರ್ಥ.”

ಓರೆ ಅಕ್ಷರಕ್ಕೆ ಊರಿನಲ್ಲೂ ಬೆಲೆಯಿತ್ತು, ಆದರೆ ಬೇರೆ ಕಾರಣಕ್ಕೆ. ಭಾನುವಾರ ಬೆಳಿಗ್ಗೆ ಕಾಫಿ ಅಂಗಡಿಯಲ್ಲಿ ಕೂತ ಜನರಲ್ಲಿ ಆ ಪುಟದ ವಿಮರ್ಶೆಗಳನ್ನು ಯಾರೂ ಪೂರ್ತಿ ಓದುತ್ತಿರಲಿಲ್ಲ. ವಾಲಿದ ಅಕ್ಷರ ಎಲ್ಲೆಲ್ಲಿದೆ ಎಂದು ಕಣ್ಣಾಡಿಸಿ, ಹಿಂದುಮುಂದಿನ ಒಂದೊಂದು ಸಾಲು ಹೆಕ್ಕಿಕೊಂಡರೆ ವಾರಪೂರ್ತಿ ಮಾತಾಡಲು ಸಾಕಾಗುತ್ತಿತ್ತು. ಹಾಗೆ ಹೆಕ್ಕಿದ ಹೆಸರುಗಳನ್ನು ಸಲೀಸಾಗಿ ಉದುರಿಸುವವನೇ ಓಣಿಯಲ್ಲಿ ಓದಿಕೊಂಡವನು.

ಆ ಭಾನುವಾರ ಸಂಜೆ ಪತ್ರಿಕೆಯ ಸಭಾಂಗಣದಲ್ಲಿ ನಿರ್ದೇಶಕ ಸೀ ತಾಹರ್ ಕರಡು ವಿಭಾಗದ ಹೊಸ ಮುಖ್ಯಸ್ಥನ ಹೆಸರು ಹೇಳುವವರಿದ್ದರು. ಹಳೆಯ ಮುಖ್ಯಸ್ಥ ನಿವೃತ್ತನಾಗಿದ್ದ. ಮುಖ್ಯಸ್ಥನಾದರೆ ಕಿಟಕಿ ಪಕ್ಕದ ಮೇಜು ಸಿಗುತ್ತದೆ, ಅದಿರಲಿ. ಕೊನೆಯ ಪುಟದ ಕೆಳಗೆ, ಮುದ್ರಕರ ವಿಳಾಸದ ಪಕ್ಕದಲ್ಲಿ, ದಿನಾ ಅವನ ಹೆಸರು ಅಚ್ಚಾಗುತ್ತದೆ. ಇರುವೆಯಷ್ಟು ಸಣ್ಣ ಅಕ್ಷರ, ನಿಜ. ಆದರೆ ಯೌವನವನ್ನೆಲ್ಲ ಪರರ ಹೆಸರುಗಳ ತಪ್ಪು ತಿದ್ದುತ್ತ ಕಳೆದವನಿಗೆ, ತನ್ನ ಹೆಸರನ್ನು ಒಮ್ಮೆಯೂ ಅಚ್ಚಿನಲ್ಲಿ ಕಾಣದವನಿಗೆ, ಆ ಇರುವೆ ಆನೆಗಿಂತ ದೊಡ್ಡದು. ಮೊಂಜಿಗೆ ಅದು ಬೇಕಿತ್ತು. ಅಷ್ಟು ಬೇಕಿತ್ತು ಎಂದು ಹೆಂಡತಿಗೂ ಬಾಯಿಬಿಟ್ಟು ಹೇಳಿರಲಿಲ್ಲ, ಅವಳು ಹೇಗೂ ಕಂಡುಕೊಂಡಿದ್ದಳು.

ಬೆಳಿಗ್ಗೆ ಅವನು ಆಲಿವ್ ಎಣ್ಣೆಯಲ್ಲಿ ಕಲಸಿದ ಹರೀಸಾ ಖಾರಕ್ಕೆ ರೊಟ್ಟಿ ಅದ್ದಿ ತಿನ್ನುತ್ತ ಸಾಹಿತ್ಯ ಪುಟ ಬಿಡಿಸಿದ. ರೊಟ್ಟಿ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು.

“ಅಯ್ಯಯ್ಯೋ, ಸತ್ತೆ!”

“ಖಾರ ಜಾಸ್ತಿ ಆಯ್ತಾ?” ಅಡುಗೆಮನೆಯಿಂದ ಜುಬೈದಾ ಕೂಗಿದಳು.

“ಓರೆ ಆಗಿದೆ ಕಣೇ! ನೆಟ್ಟಗೆ ಇರಬೇಕಾದ್ದು ಓರೆ ಆಗಿದೆ!”

ಆದದ್ದು ಇಷ್ಟು. ಉಸ್ತಾದ್ ಶಾದ್ಲಿ ಎಂಬ ಪ್ರೊಫೆಸರು ‘ಉಪ್ಪಿನ ಬಾಗಿಲು’ ಎಂಬ ಹೊಸ ಕಾದಂಬರಿಯ ವಿಮರ್ಶೆ ಬರೆದಿದ್ದರು. ಆ ಕಾದಂಬರಿಯೊಳಗೆ ಅಲ್ಲಾಲ ಎಂಬ ಸುಂಕದ ಅಧಿಕಾರಿಯೊಬ್ಬ ಬರುತ್ತಾನೆ. ಅವನು ‘ಆಲಿವ್ ಮರದ ಕಿವಿ’ ಎಂಬ ಪುಸ್ತಕ ಬರೆಯುತ್ತಾನೆ. ಕಾದಂಬರಿಯಲ್ಲಿ ಮಾತ್ರ. ಪ್ರೊಫೆಸರರು ತಮಾಷೆಗೆ ಒಂದು ಸಾಲು ಸೇರಿಸಿದ್ದರು: “ಅಲ್ಲಾಲನ ‘ಆಲಿವ್ ಮರದ ಕಿವಿ’ ಓದದವನು ಈ ಊರನ್ನು ಬಲ್ಲೆನೆಂದು ಹೇಳಿಕೊಳ್ಳಬಾರದು.” ಈ ಪ್ರೊಫೆಸರರು ತಮ್ಮ ವಿಮರ್ಶೆಗಳನ್ನು ರೇಡಿಯೋದಲ್ಲೂ ಓದುತ್ತಿದ್ದರು. ಎಲ್ಲೆಲ್ಲಿ ದನಿ ಏರಿಸಬೇಕೋ ಅಲ್ಲಲ್ಲಿ ಹಸ್ತಪ್ರತಿಯಲ್ಲಿ ಅಡಿಗೆರೆ ಎಳೆದುಕೊಳ್ಳುವುದು ಅವರ ಅಭ್ಯಾಸ. ಅಚ್ಚಿನ ಮನೆಯಲ್ಲಿ ಅಡಿಗೆರೆಯೆಂದರೆ ಒಂದೇ ಅರ್ಥ: ಓರೆ ಅಕ್ಷರ ಜೋಡಿಸು. ಆದ್ದರಿಂದ ಅವರ ಹಸ್ತಪ್ರತಿ ಬಂದೊಡನೆ ರಬ್ಬರು ಹಿಡಿದು ಆ ಗೆರೆಗಳನ್ನು ಅಳಿಸಿ, ಬೇಕಾದ ಚಿಹ್ನೆ ಹಾಕುವುದು ಮೊಂಜಿಯ ಮೊದಲ ಕೆಲಸ. ಶನಿವಾರ ಸಂಜೆ ಒಂದು ಗೆರೆ ಉಳಿದುಹೋಯಿತು. ಏಕೆಂದರೆ ಆ ಹೊತ್ತಿಗೆ ಅವನು ಕೊನೆಯ ಪುಟದ ಕೆಳಗೆ ತನ್ನ ಹೆಸರು ಹೇಗೆ ಕಂಡೀತು ಎಂದು ಕಣ್ಣುಮುಚ್ಚಿ ನೋಡುತ್ತಿದ್ದ.

ಈಗ ‘ಆಲಿವ್ ಮರದ ಕಿವಿ’ ಪುಟದ ನಡುಮಧ್ಯೆ ಬಲಕ್ಕೆ ವಾಲಿಕೊಂಡು, ಹುಟ್ಟಿ ಬೆಳೆದು ಸಂಸಾರ ಮಾಡಿದ ಪುಸ್ತಕದ ಗತ್ತಿನಲ್ಲಿ ನಿಂತಿತ್ತು.

ಜುಬೈದಾ ಬಂದು ಇಣುಕಿದಳು. ಅವಳಿಗೆ ಫ್ರೆಂಚ್ ಓದಲು ಬರುತ್ತಿರಲಿಲ್ಲ. “ಒಂಚೂರು ಸೊಟ್ಟಗಿದೆ ಅಷ್ಟೇ ತಾನೇ? ಯಾರ್ ನೋಡ್ತಾರೆ ಬಿಡ್ರೀ. ಸಾಯಂಕಾಲದವರೆಗೆ ಬಾಯ್ ಮುಚ್ಕೊಂಡಿರಿ. ಲಲ್ಲಾ ಮನ್ನೂಬಿಯಾನ ಕರೆದಿದೀನಿ, ಅವಳ ಸೊಸೆಯಂದಿರನ್ನೂ ಕರೆದಿದೀನಿ. ನನ್ನ ಮಾನ ಕಳೀಬೇಡಿ.”

ಲಲ್ಲಾ ಮನ್ನೂಬಿಯಾ ಎದುರುಮನೆಯವಳು. ಅವಳ ತಮ್ಮ ಬ್ಯಾಂಕಿನಲ್ಲಿ ಮ್ಯಾನೇಜರು. ಆ ಸಂಗತಿಯನ್ನು ಅವಳು ದಿನಕ್ಕೊಮ್ಮೆ ಕಿಟಕಿಯಿಂದ ಹೇಳುತ್ತಿದ್ದುದರಿಂದ ಜುಬೈದಾಗೆ ಈ ಸಂಜೆ ಎಷ್ಟು ಮುಖ್ಯವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮೊಂಜಿಗೆ ಕೂರಲಾಗಲಿಲ್ಲ. ಯಾರಾದರೂ ತಪ್ಪು ಕಂಡುಹಿಡಿದಿದ್ದಾರೆಯೇ ಎಂದು ತಿಳಿಯಲು ಕಾಫಿ ಅಂಗಡಿಗೆ ಹೋದ. ಅಲ್ಲಿ ಔಷಧಿ ಅಂಗಡಿಯ ಸೀ ಬೂರಾವಿ ಹುಕ್ಕಾ ಎಳೆಯುತ್ತ, ಸುತ್ತ ನಾಲ್ಕಾರು ಜನರನ್ನು ಕೂರಿಸಿಕೊಂಡು, ಪತ್ರಿಕೆ ತೊಡೆಯ ಮೇಲೆ ಇಟ್ಟುಕೊಂಡಿದ್ದ.

“ಬಾ ಬಾ, ಸೀ ಮೊಂಜಿ! ಇವರಿಗೆ ಹೇಳು. ‘ಆಲಿವ್ ಮರದ ಕಿವಿ’ ಓದಿಲ್ವಂತೆ ಈ ಮಹಾನುಭಾವರು!”

ಮೊಂಜಿ ಅವನ ಎದುರು ಕೂತ. “ನೀನು ಓದಿದೀಯಾ?”

“ಓದಿದೀಯಾ ಅಂತೆ! ಹೋದ ಚಳಿಗಾಲದಲ್ಲೇ ಮುಗಿಸಿದೆ. ಮೊದಲರ್ಧ ಸ್ವಲ್ಪ ಎಳೆದಿದಾನೆ. ಆಮೇಲೆ ಆ ಮರ ಇದೆಯಲ್ಲ, ಕೇಳಿಸಿಕೊಳ್ಳೋಕೆ ಶುರು ಮಾಡುತ್ತೆ ನೋಡು...” ಬೂರಾವಿ ಕಣ್ಣುಮುಚ್ಚಿ ತಲೆಯಾಡಿಸಿದ. “ಮೈ ಝುಂ ಅಂತು.”

“ನಾನೂ ಓದಿದೀನಿ,” ಎಂದ ಪಕ್ಕದ ಕ್ಷೌರಿಕ, ಬಿಟ್ಟುಕೊಡದೆ. “ಮರ ಕೊನೇಲಿ ಸಾಯುತ್ತೆ.”

“ಸಾಯಲ್ಲ. ಸತ್ತ ಹಾಗೆ ಇರುತ್ತೆ. ಅದೇ ಅದರ ಸೊಗಸು. ನೀನು ಅವಸರದಲ್ಲಿ ಓದಿದೀಯ.”

ಕ್ಷೌರಿಕನಿಗೆ ಸಿಟ್ಟು ಬಂತು. ಇಲ್ಲದ ಮರ ಸತ್ತಿತೋ ಬದುಕಿತೋ ಎಂದು ಇಬ್ಬರೂ ಮೇಜು ಗುದ್ದಿ ವಾದಿಸಿದರು. ಮೊಂಜಿ ತಡೆಯಲಾಗದೆ ಕೇಳಿದ: “ಬೂರಾವಿ, ಆ ಪುಸ್ತಕ ಸ್ವಲ್ಪ ಕೊಡ್ತೀಯಾ, ನೋಡಿ ಕೊಡ್ತೀನಿ?”

“ಅಯ್ಯೋ, ನನ್ನ ಭಾವಮೈದ ತಗೊಂಡು ಬಿಝೆರ್ತಾಗೆ ಹೋದ. ಪುಸ್ತಕ ಎರವಲು ಕೊಟ್ಟರೆ ವಾಪಸ್ ಬರುತ್ತಾ?”

“ನಂದೂ ಹಾಗೇ ಆಯ್ತು,” ಎಂದ ಕ್ಷೌರಿಕ. ಈ ಒಂದು ವಿಷಯದಲ್ಲಿ ಇಬ್ಬರಿಗೂ ಒಮ್ಮತವಿತ್ತು.

ಮೊಂಜಿ ಅಲ್ಲಿಂದ ಎದ್ದು ಸೀ ಹಶ್ಮಿಯ ಪುಸ್ತಕದಂಗಡಿಗೆ ಓಡಿದ. ಹಶ್ಮಿ ಭಾನುವಾರ ಮಧ್ಯಾಹ್ನದವರೆಗೆ ಬಾಗಿಲು ತೆರೆದಿರುತ್ತಿದ್ದ. ಸಾಮಾನ್ಯವಾಗಿ ಅಲ್ಲಿ ಬೆಕ್ಕು ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ಇಂದು ಮೆಟ್ಟಿಲವರೆಗೆ ಜನ. ಎಲ್ಲರದೂ ಒಂದೇ ಪ್ರಶ್ನೆ. ಕಿವಿಯಲ್ಲಿ ಮಲ್ಲಿಗೆ ಸಿಕ್ಕಿಸಿಕೊಂಡ ವಕೀಲರೊಬ್ಬರು ಮಾತ್ರ, “ನನಗಲ್ಲಪ್ಪ, ನಾನು ಓದಿದೀನಿ. ನನ್ನ ಅಳಿಯನಿಗೆ ಬೇಕಿತ್ತು,” ಎಂದು ನಿಂತವರಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದರು.

“ಮುಗಿದುಹೋಯ್ತು ಸ್ವಾಮಿ! ಇದ್ದ ಪ್ರತಿ ಎಲ್ಲಾ ಖಾಲಿ!” ಹಶ್ಮಿ ಎರಡೂ ಕೈ ಎತ್ತಿ ಕೂಗುತ್ತಿದ್ದ.

ಮೊಂಜಿ ಅವನನ್ನು ತೋಳು ಹಿಡಿದು ಹಿಂದಿನ ಕೋಣೆಗೆ ಎಳೆದ. “ಹಶ್ಮಿ, ಯಾಕೋ ಸುಳ್ಳು ಹೇಳ್ತೀಯಾ? ಅಂಥ ಪುಸ್ತಕವೇ ಇಲ್ಲ. ಅದು ‘ಉಪ್ಪಿನ ಬಾಗಿಲು’ ಕಾದಂಬರಿ ಒಳಗೆ ಬರೋ ಪುಸ್ತಕ. ತಪ್ಪಾಗಿ ಓರೆ ಆಯ್ತು. ನನ್ನ ತಪ್ಪು.”

ಹಶ್ಮಿ ಅವನನ್ನು ಮೇಲಿನಿಂದ ಕೆಳಗೆ ನೋಡಿದ. “ನಮ್ಮಪ್ಪ ಈ ಅಂಗಡಿ ಇಟ್ಟ ಕಾಲದಿಂದ ‘ಆ ಪುಸ್ತಕ ನಮ್ಮಲ್ಲಿ ಬಂದೇ ಇಲ್ಲ’ ಅಂತ ಯಾರಿಗೂ ಹೇಳಿಲ್ಲ. ಇವತ್ತು ನಾನು ಹೇಳಬೇಕಾ? ಅದೂ ಪತ್ರಿಕೇಲಿ ಓರೆ ಅಕ್ಷರದಲ್ಲಿ ಬಂದ ಮೇಲೆ? ನೀನೇ ಅಲ್ವೇನೋ ಹೇಳಿದ್ದು, ಓರೆ ಇದ್ದರೆ ಅಂಗಡಿಗೆ ಹೋಗಿ ಕೇಳಬಹುದು ಅಂತ? ಬಂದು ಕೇಳ್ತಿದಾರೆ. ಮಾನವಾಗಿ ಖಾಲಿ ಅಂತ ಹೇಳ್ತಿದೀನಿ.”

“ಹಾಗಾದ್ರೆ ‘ಉಪ್ಪಿನ ಬಾಗಿಲು’ ಆದರೂ ಕೊಡು ಅವರಿಗೆ. ಅದು ಇದೆಯಲ್ಲ!”

“ಅದನ್ನ ಯಾರೂ ಕೇಳ್ತಿಲ್ಲವಲ್ಲ.”

ಹಿಂದಿನ ಕೋಣೆಯ ಮೂಲೆಯಲ್ಲಿ ‘ಉಪ್ಪಿನ ಬಾಗಿಲು’ ಕಟ್ಟು ಬಿಚ್ಚದೆ ಕೂತಿತ್ತು. ಆ ಕಾದಂಬರಿಕಾರನ ಸಲುವಾಗಿ ಮೊಂಜಿಗೆ ನಿಜವಾಗಿಯೂ ನೋವಾಯಿತು.

ಇನ್ನು ಉಳಿದದ್ದು ಒಂದೇ ದಾರಿ. ಬರೆದವರೇ ಬಾಯಿಬಿಟ್ಟು ಹೇಳಿದರೆ ಊರು ನಂಬುತ್ತದೆ. ಮೊಂಜಿ ಸರೋವರ ದಾಟಿ ಸಮುದ್ರದ ಕಡೆಗೆ ಹೋಗುವ ಪುಟ್ಟ ರೈಲು ಹತ್ತಿದ. ಭಾನುವಾರದ ಈಜಿನವರು, ಕಲ್ಲಂಗಡಿ ತಬ್ಬಿಕೊಂಡ ಹೆಂಗಸರು ಅವನನ್ನು ಗೋಡೆಗೆ ಒತ್ತಿಬಿಟ್ಟರು. ಲಾ ಗುಲೆತ್‌ನಲ್ಲಿ ಇಳಿಯುವಾಗ ಅವನ ಅಂಗಿಯ ಬೆನ್ನ ಮೇಲೆ ಯಾರದೋ ಐಸ್‌ಕ್ರೀಮು ಇತ್ತು. ಉಸ್ತಾದ್ ಶಾದ್ಲಿ ತಮ್ಮ ಮನೆಯಂಗಳದಲ್ಲಿ ಸುಟ್ಟ ಮೀನಿನ ಮುಳ್ಳು ಬಿಡಿಸುತ್ತ ಕೂತಿದ್ದರು.

“ಉಸ್ತಾದ್, ಕ್ಷಮಿಸಿ. ನಿಮ್ಮ ಗೆರೆ ಅಳಿಸೋದು ಮರೆತೆ. ಊರಲ್ಲಿ ಎಲ್ಲರೂ ಆ ಪುಸ್ತಕ ಇದೆ ಅಂದ್ಕೊಂಡಿದಾರೆ. ಇಲ್ಲ ಅಂತ ನೀವೊಂದು ಮಾತು ಹೇಳಿಬಿಟ್ಟರೆ...”

“ಇಲ್ಲವೇ ಇಲ್ಲ. ಆ ಕಾದಂಬರಿಕಾರನ ತಲೆಯಲ್ಲಿ ಹುಟ್ಟಿದ್ದು. ಅದರಲ್ಲೇನು ಸಂಶಯ?” ಪ್ರೊಫೆಸರರು ನಕ್ಕರು.

ಮೊಂಜಿಗೆ ಅಳು ಬರುವಷ್ಟು ಸಂತೋಷವಾಯಿತು. “ಹಾಗಾದ್ರೆ ಇವತ್ತು ಸಾಯಂಕಾಲ ಸಭೆಗೆ ಬಂದು...”

“ತಡಿ ತಡಿ.” ಪ್ರೊಫೆಸರರು ಬೆರಳು ಒರೆಸಿಕೊಂಡರು. “ಬೆಳಿಗ್ಗೆ ಸಚಿವಾಲಯದ ಸಲಹೆಗಾರರು ಫೋನ್ ಮಾಡಿದ್ರು. ‘ಬಹಳ ಒಳ್ಳೇ ಪುಸ್ತಕ ನೆನಪಿಸಿದಿರಿ ಉಸ್ತಾದ್, ನಾನು ಅದನ್ನ ಚಿಕ್ಕವನಿದ್ದಾಗ ಅಜ್ಜನ ಕಪಾಟಿನಿಂದ ಕದ್ದು ಓದಿದ್ದೆ’ ಅಂದ್ರು. ನಾನೇನು ಹೇಳಲಿ? ಸ್ವಾಮಿ, ನೀವು ಸುಳ್ಳುಗಾರರು ಅಂತ ಹೇಳಲಾ? ‘ಹೌದು, ಆ ಕಾಲದ ಮುದ್ರಣವೇ ಚೆಂದ’ ಅಂದೆ.”

“ಉಸ್ತಾದ್!”

“ಶರತ್ಕಾಲದಲ್ಲಿ ಆ ಪುಸ್ತಕದ ಬಗ್ಗೆ ಒಂದು ಉಪನ್ಯಾಸ ಕೊಡಬೇಕಂತೆ. ಒಪ್ಪಿಕೊಂಡಿದೀನಿ. ನೀನು ಸುಮ್ಮನೆ ಮನೆಗೆ ಹೋಗು, ಸೀ ಮೊಂಜಿ. ಮೀನು ತಿಂತೀಯಾ?”

ಮೀನು ತಿನ್ನದೆ ಮೊಂಜಿ ವಾಪಸು ರೈಲು ಹತ್ತಿದ. ದಾರಿಯುದ್ದಕ್ಕೂ ಕಿಟಕಿಯಿಂದ ಸರೋವರ ನೋಡುತ್ತ ಲೆಕ್ಕ ಹಾಕಿದ. ಸುಮ್ಮನಿದ್ದರೆ ಏನೂ ಆಗುವುದಿಲ್ಲ. ತಪ್ಪನ್ನು ಯಾರೂ ಕಂಡಿಲ್ಲ, ಕಾಣುವುದೂ ಇಲ್ಲ. ಸಂಜೆ ನಿರ್ದೇಶಕರು ಹೆಸರು ಕರೆಯುತ್ತಾರೆ, ನಾಳಿದ್ದಿನ ಪತ್ರಿಕೆಯ ಕೊನೆಯ ಪುಟದಲ್ಲಿ ಅದು ಬರುತ್ತದೆ. ಸುಮ್ಮನಿರುವುದು ಎಷ್ಟು ಸುಲಭ ಎಂದು ಅವನಿಗೆ ಆಶ್ಚರ್ಯವಾಯಿತು. ಊರು ಬರುವಷ್ಟರಲ್ಲಿ ಸುಮ್ಮನಿರುವುದೆಂದು ತೀರ್ಮಾನಿಸಿಬಿಟ್ಟಿದ್ದ.

ಸಂಜೆ ಜುಬ್ಬ ತೊಟ್ಟು, ಕೆಂಪು ಟೋಪಿ ಇಟ್ಟು ಹೊರಟಾಗ ಅವನಿಗೆ ಮದುಮಗನ ಕಳೆಯಿತ್ತು. ಜುಬೈದಾ ಹಿಂದಿನಿಂದ ತಲೆಯ ಮೇಲಿನ ಬಿಳಿ ಹೊದಿಕೆ ಸರಿಪಡಿಸಿಕೊಳ್ಳುತ್ತ, ಲಲ್ಲಾ ಮನ್ನೂಬಿಯಾಳನ್ನು ಎರಡು ಹೆಜ್ಜೆ ಹಿಂದೆ ಬಿಟ್ಟು ನಡೆದಳು.

ಸಭಾಂಗಣ ತುಂಬಿತ್ತು. ಅಚ್ಚು ಜೋಡಿಸುವವರು, ವರದಿಗಾರರು, ಅವರ ಹೆಂಡಿರು, ನಮ್ಮ ಓಣಿಯವರು. ಬಾದಾಮಿ ಪಾನಕದ ತಟ್ಟೆಗಳು ಓಡಾಡುತ್ತಿದ್ದವು. ಮುಂದಿನ ಸಾಲಿನಲ್ಲಿ ಖಮೈಸ್ ಕೂತಿದ್ದ. ಅವನೂ ಕರಡು ತಿದ್ದುವವನೇ, ಮೊಂಜಿಗಿಂತ ಕಿರಿಯ. ತಪ್ಪು ಕಂಡುಹಿಡಿಯುವುದರಲ್ಲಿ ಸಾಧಾರಣ, ನಿರ್ದೇಶಕರ ಕೋಟು ಹಿಡಿಯುವುದರಲ್ಲಿ ಅಸಾಧಾರಣ.

ನಿರ್ದೇಶಕ ಸೀ ತಾಹರ್ ಎದ್ದು ಗಂಟಲು ಸರಿಮಾಡಿಕೊಂಡರು.

“ಇವತ್ತು ಮಧ್ಯಾಹ್ನ ನಮ್ಮ ಮಾವನವರ ಮನೇಲಿ ಊಟಕ್ಕೆ ಕೂತಿದ್ವಿ. ಅಲ್ಲೂ ನಮ್ಮ ಪತ್ರಿಕೆಯದೇ ಮಾತು. ‘ಆಲಿವ್ ಮರದ ಕಿವಿ’! ಪ್ಯಾರಿಸ್ಸಿನಲ್ಲಿ ಓದ್ತಿದ್ದಾಗ ಒಂದೇ ರಾತ್ರೀಲಿ ಮುಗಿಸಿದ್ದೆ ಆ ಪುಸ್ತಕ. ಮಾವನವರಿಗೆ ಇಡೀ ಕತೆ ಹೇಳಿದೆ, ಅವರ ಕಣ್ಣಲ್ಲಿ ನೀರು ಬಂತು. ಹೀಗೆ ಮರೆತುಹೋದ ದೊಡ್ಡ ಪುಸ್ತಕಗಳನ್ನ ಊರಿಗೆ ನೆನಪಿಸೋದು ನಮ್ಮ ಪತ್ರಿಕೆಯ ಹೆಮ್ಮೆ.”

ಚಪ್ಪಾಳೆ ಬಿತ್ತು. ಬೂರಾವಿ ಎಲ್ಲರಿಗಿಂತ ಜೋರಾಗಿ ತಟ್ಟಿದ.

“ಆ ಪುಟದಲ್ಲಿ ಒಂದೇ ಒಂದು ತಪ್ಪು ಹುಡುಕಿ ತೋರಿಸಿ ನೋಡೋಣ! ಇಲ್ಲ. ಪ್ರತಿಯೊಂದು ಓರೆ ಅಕ್ಷರವೂ ಅದರದರ ಜಾಗದಲ್ಲೇ ಇದೆ. ಅದಕ್ಕೆ ಕಾರಣನಾದ ಒಬ್ಬ ಮನುಷ್ಯನ ಹೆಸರು ಈಗ ಹೇಳ್ತೀನಿ...”

ಮೊಂಜಿ ಅರ್ಧ ಎದ್ದಿದ್ದ. ಅವನ ಮುಖ ನೋಡಿದವರು ಅದು ಸಂತೋಷವೆಂದುಕೊಂಡರು. ಅಲ್ಲ. ‘ಅದರದರ ಜಾಗದಲ್ಲೇ ಇದೆ’ ಎಂಬ ಮಾತು ಅವನನ್ನು ಚುಚ್ಚಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ತಪ್ಪಿಗೆ ಹೊಗಳಿಕೆ ಸ್ವೀಕರಿಸಿದರೆ ಇಷ್ಟು ವರ್ಷ ಸರಿಮಾಡಿದ್ದಕ್ಕೆ ಏನು ಬೆಲೆ ಬಂತು? ರೈಲಿನಲ್ಲಿ ಮಾಡಿದ ತೀರ್ಮಾನ ಎಲ್ಲಿ ಹೋಯಿತೋ, ಅವನ ಬಾಯಿ ತಾನಾಗಿ ತೆರೆದುಕೊಂಡಿತು.

“ಒಂದು ತಪ್ಪಿದೆ, ಸೀ ತಾಹರ್.”

ಸಭೆ ತಿರುಗಿ ನೋಡಿತು. ಜುಬೈದಾ ಹೊದಿಕೆಯ ಅಂಚನ್ನು ಕಚ್ಚಿಕೊಂಡಳು.

“ಆ ಹೆಸರು ಓರೆ ಆಗಬಾರದಿತ್ತು. ಉಸ್ತಾದರ ಗೆರೆ ಅಳಿಸೋದು ಮರೆತೆ. ಆ ಪುಸ್ತಕ ಯಾರೂ ಬರೆದಿಲ್ಲ, ಯಾರೂ ಅಚ್ಚು ಹಾಕಿಲ್ಲ. ಓರೆ ಅಕ್ಷರ ಅಂದ್ರೆ ಸೊಗಸಿಗೆ ಹಾಕೋದಲ್ಲ. ಅದು ಪತ್ರಿಕೆ ಓದೋನಿಗೆ ನಾವು ಕೊಡೋ ಮಾತು. ಇದು ಇದೆ, ಹೋಗಿ ಹುಡುಕು, ಸಿಗುತ್ತೆ ಅನ್ನೋ ಮಾತು. ಈ ಊರಲ್ಲಿ ಆ ಮಾತನ್ನ ನಾನು ಇಷ್ಟು ದಿನ ಕಾಪಾಡಿದೀನಿ. ನಿನ್ನೆ ತಪ್ಪಿದೆ. ತಿದ್ದುಪಡಿ ಹಾಕಬೇಕು. ನನ್ನ ಹೆಸರು ಹಾಕಿಯೇ ಹಾಕಿ.”

ಹೇಳಿ ಮುಗಿಸಿ ಅವನು ಎದೆ ಸೆಟೆಸಿ ನಿಂತ. ಆ ಗಳಿಗೆಯಲ್ಲಿ ಅವನಷ್ಟು ಎತ್ತರದವನು ಇಡೀ ಟ್ಯೂನಿಸ್ಸಿನಲ್ಲಿರಲಿಲ್ಲ. ನಾನು ಅವನ ನೆರೆಯವನೆಂದು ಹೇಳಿಕೊಳ್ಳುವುದು ಆ ಗಳಿಗೆಯ ಕಾರಣಕ್ಕೇ.

ಚಪ್ಪಾಳೆ ಬೀಳಲಿಲ್ಲ. ಮುಖಗಳೆಲ್ಲ ಇಂಗು ತಿಂದ ಮಂಗನಂತಾದವು. ಬೂರಾವಿ ನೆಲ ನೋಡಿದ, ಕ್ಷೌರಿಕ ಸೂರು ನೋಡಿದ. ನಿರ್ದೇಶಕರ ಕಿವಿ ಕೆಂಪಗಾಯಿತು, ಮಾವನವರ ಕಣ್ಣೀರು ಅವರಿಗೆ ನೆನಪಾದಂತಿತ್ತು. ಅವರು ಬಹಳ ಮೃದುವಾಗಿ ಕೇಳಿದರು:

“ಅಂದ್ರೆ, ಸೀ ಮೊಂಜಿ, ನೀವು ಆ ಪುಸ್ತಕ ಓದಿಲ್ಲ.”

“ಓದೋದು ಹೇಗೆ? ಅದು ಇಲ್ಲವೇ...”

“ನೀವು ಓದಿಲ್ಲ ಅಂತ ಪುಸ್ತಕವೇ ಇಲ್ಲ ಅಂತೀರಲ್ಲ!”

“ಪಾಪ, ಓದೋಕೆ ಪುರುಸೊತ್ತು ಸಿಕ್ಕಿರಲಿಕ್ಕಿಲ್ಲ,” ಎಂದ ಬೂರಾವಿ, ಜೀವ ಬಂದವನಂತೆ.

“ನಾನು ಎರಡು ಸಲ ಓದಿದೀನಿ,” ಎಂದು ಖಮೈಸ್ ಮುಂದಿನ ಸಾಲಿನಿಂದ ಎದ್ದ. “ಎರಡನೇ ಸಲವೇ ಅದರ ಆಳ ಗೊತ್ತಾಗಿದ್ದು.”

ಸಭೆಯಲ್ಲಿ ನಿಟ್ಟುಸಿರು ಹರಿಯಿತು. ಮುಂದಿನದು ಬೇಗ ಮುಗಿಯಿತು. ಕರಡು ವಿಭಾಗಕ್ಕೆ ಓದಿಕೊಂಡ ಮನುಷ್ಯ ಬೇಕೆಂದೂ, ಅಂಥವನು ಖಮೈಸ್ ಎಂದೂ ನಿರ್ದೇಶಕರು ಸಾರಿದರು. ಈಗ ಬಿದ್ದ ಚಪ್ಪಾಳೆಗೆ ಬಾದಾಮಿ ಪಾನಕದ ಲೋಟಗಳು ಅಲುಗಿದವು. ಮೊಂಜಿ ಹಾಗೇ ನಿಂತಿದ್ದ. ಅವನಿಗೆ ದುಃಖಕ್ಕಿಂತ ಹೆಚ್ಚಾಗಿ ನಿರಾಳವಾಗಿತ್ತು. ಹೆಸರು ಹೋಯಿತು, ಹೋಗಲಿ. ಮಾತು ಉಳಿಯಿತು. ಇದೊಂದು ಹೆಮ್ಮೆಯನ್ನು ಯಾರೂ ಕಿತ್ತುಕೊಳ್ಳಲಾರರು ಎಂದುಕೊಂಡ.

ಅವನು ಬಾಗಿಲ ಬಳಿ ಬರುವಷ್ಟರಲ್ಲಿ ಲಲ್ಲಾ ಮನ್ನೂಬಿಯಾಳ ದನಿ ಕೇಳಿಸಿತು. ಅದು ಯಾವ ಸಭಾಂಗಣದಲ್ಲೂ ಕೇಳಿಸುವ ದನಿ.

“ಏನ್ ಜುಬೈದಾ, ನಿನ್ನ ಗಂಡ ಪುಸ್ತಕದಲ್ಲೇ ಮುಳುಗಿರ್ತಾನೆ ಅಂತಿದ್ದೆ. ಊರಿಗೆಲ್ಲ ಗೊತ್ತಿರೋ ಪುಸ್ತಕ ಒಂದು ಓದಿಲ್ವಂತೆ! ನನ್ನ ತಮ್ಮ ಬ್ಯಾಂಕಲ್ಲಿದ್ದರೂ ಓದಿದಾನಪ್ಪ.”

ಜುಬೈದಾಳ ಸಹನೆ ಬೆಳಗಿನಿಂದ ಎಳೆದೆಳೆದು ದಾರವಾಗಿತ್ತು. ಅದು ಪಟ್ಟೆಂದು ಹರಿಯಿತು.

“ಓದಿಲ್ಲ ಅಂತ ಯಾರೇ ಹೇಳಿದ್ದು? ನಮ್ಮನೇಲೇ ಇದೆ ಆ ಪುಸ್ತಕ! ಮಂಚದ ಪಕ್ಕದ ಕಪಾಟಲ್ಲಿ! ವಾರ ವಾರ ನಾನೇ ಧೂಳು ಒರೆಸ್ತೀನಿ! ಎಲ್ಲರ ಹಾಗೆ ಮೆರೆಯೋ ಅಭ್ಯಾಸ ಇಲ್ಲ ನಮ್ಮ ಯಜಮಾನರಿಗೆ, ಅದಕ್ಕೇ ಹಾಗಂದ್ರು!”

ಸಭಾಂಗಣದ ತಲೆಗಳೆಲ್ಲ ಜುಬೈದಾಳತ್ತ ತಿರುಗಿದವು. ಅಲ್ಲಿದ್ದವರೆಲ್ಲ ಆ ಪುಸ್ತಕ ಓದಿದ್ದರು, ಆದರೆ ಎಲ್ಲರ ಪ್ರತಿಯೂ ಭಾವಮೈದಂದಿರ ಬಳಿ, ಬಿಝೆರ್ತಾದಲ್ಲಿ, ಪ್ಯಾರಿಸ್ಸಿನಲ್ಲಿ, ಅಜ್ಜಂದಿರ ಕಪಾಟಿನಲ್ಲಿ ಉಳಿದುಹೋಗಿತ್ತು. ಊರಿನಲ್ಲಿ ಕೈಗೆ ಸಿಗುವ ಪ್ರತಿಯೆಂದರೆ ಇದೊಂದೇ. ಬೂರಾವಿ ಮೊದಲು ಹತ್ತಿರ ಬಂದ. ಅವನ ಹಿಂದೆ ಕ್ಷೌರಿಕ, ಹಶ್ಮಿ, ಮಲ್ಲಿಗೆಯ ವಕೀಲರು. “ಒಂದೇ ಒಂದು ದಿನಕ್ಕೆ ಕೊಡು, ಸೀ ಮೊಂಜಿ. ಇನ್ನೊಂದ್ಸಲ ಓದಿ ಕೊಡ್ತೀನಿ.”

ನಿರ್ದೇಶಕರು ಜನರನ್ನು ಸರಿಸಿಕೊಂಡು ಬಂದು ಮೊಂಜಿಯ ಹೆಗಲ ಮೇಲೆ ಕೈಯಿಟ್ಟರು. ಅವರ ಮುಖ ಅರಳಿತ್ತು.

“ನೀವು ಎಂಥ ವಿನಯವಂತರು ಮಾರಾಯ್ರೇ! ಮುಂದಿನ ಭಾನುವಾರ ಅದರ ಮೊದಲ ಅಧ್ಯಾಯ ನಮ್ಮ ಪುಟದಲ್ಲಿ. ಆಮೇಲೆ ವಾರ ವಾರ ಒಂದೊಂದು. ಬುಧವಾರ ಪ್ರತಿ ತಂದುಕೊಡಿ.”

“ಸೀ ತಾಹರ್, ಅದು...”

“ಏನು, ಇಲ್ವಾ?” ನಿರ್ದೇಶಕರು ಜುಬೈದಾಳತ್ತ ನೋಡಿದರು. ಲಲ್ಲಾ ಮನ್ನೂಬಿಯಾ ನೋಡಿದಳು. ಇಡೀ ಸಭೆ ನೋಡಿತು. ಜುಬೈದಾ ಗಂಡನ ಮುಖ ನೋಡಿದಳು. ಅವಳ ಜಂಬವೆಲ್ಲ ಇಳಿದುಹೋಗಿತ್ತು.

ಮೊಂಜಿ ತನ್ನ ಮಾನವನ್ನು ಆಗಲೇ ಎಲ್ಲರೆದುರು ಹರವಿ ಹಾಕಿದ್ದ. ಹೆಂಡತಿಯ ಮಾನ ಹರವಲು ಅವನಿಗೆ ಮನಸ್ಸಾಗಲಿಲ್ಲ.

“ಇದೆ,” ಎಂದ. “ಬುಧವಾರ ತರ್ತೀನಿ.”

ಹಾಗೆಂದ ಮೇಲೆ, ಇನ್ನೆರಡು ದಿನದಲ್ಲಿ ಕೂತು ಬರೆಯಬೇಕಾದ ಪುಟಗಳು ಕಣ್ಣೆದುರು ಬಂದು ಅವನು ಬೆವರಿದ. ಆದರೆ ಬೆವರಿನ ನಡುವೆಯೇ ಒಳಗೆಲ್ಲೋ ಒಂದು ಆಸೆ ಕಣ್ಣುಬಿಟ್ಟಿತು. ಹೇಗಾದರೂ ಆಗಲಿ, ಬರೆಯುವವನು ತಾನೇ. ಇರುವೆಯಷ್ಟು ಸಣ್ಣಗಲ್ಲ, ಪುಟದ ನೆತ್ತಿಯ ಮೇಲೆ, ದಪ್ಪಕ್ಷರದಲ್ಲಿ...

“ಸೀ ತಾಹರ್,” ಅವನು ಮೆಲ್ಲಗೆ ಕೇಳಿದ. “ಅಧ್ಯಾಯದ ಮೇಲೆ ಬರೆದವರ ಹೆಸರು ಹಾಕಬೇಕಲ್ಲ. ಯಾರ ಹೆಸರು ಹಾಕೋದು?”

ನಿರ್ದೇಶಕರು ಸಭೆಯತ್ತ ತಿರುಗಿ ನಕ್ಕರು. ಸಭೆಯೂ ನಕ್ಕಿತು.

“ಪುಸ್ತಕ ಮನೇಲಿ ಇಟ್ಕೊಂಡು ಬರೆದೋರ ಹೆಸರು ಗೊತ್ತಿಲ್ವೇನ್ರೀ! ಅಲ್ಲಾಲ, ಸುಂಕದ ಅಧಿಕಾರಿ ಸೀ ಅಲ್ಲಾಲ. ದಪ್ಪಕ್ಷರದಲ್ಲಿ ಹಾಕಿಸಿ. ಮತ್ತೆ, ಖಮೈಸ್, ಕರಡು ನೀನೇ ನೋಡಪ್ಪಾ. ಅಷ್ಟು ದೊಡ್ಡ ಮನುಷ್ಯರ ಹೆಸರಲ್ಲಿ ತಪ್ಪು ಬರಬಾರದು.”